ಕ್ಷಮಾಪತ್ರಕ್ಕೆ ಸಾಕ್ಷಿ

“ಒಂದು ಸಾಕ್ಷಿ ಸಹಿ ಬೇಕಾಗೇತ್ರೀ, ಹತ್ತು ನಿಮಿಷ ಬರ್ತೀರೇನು?” ಎಂದರು ಸಲೀಂ. ಅಮೆರಿಕದಲ್ಲಿ, ಕಂಪ್ಯೂಟರ್‌ಗಳನ್ನು ಎರಡು ಸಾವಿರನೇ ಇಸವಿಗೆ ಸಜ್ಜುಗೊಳಿಸುವ ವೈಟುಕೆ (Y2K) ಪ್ರಾಜೆಕ್ಟ್‌ನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಬ್ಬಳ್ಳಿಯವರು. ಮನೆ ಕೊಳ್ಳುತ್ತಿರಬೇಕು ಎಂದುಕೊಂಡು ಪಕ್ಕದ ಸೀಕಾಕಸ್ ಊರಿನ ನೋಟರಿ ಬಳಿಗೆ ಹೋದೆ.

ಪತ್ರ ಓದಿದೆ. ಗಲ್ಫ್‌ನಲ್ಲಿ ಸಲೀಂ ಅವರ ತಮ್ಮನನ್ನು ಜಗಳದಲ್ಲಿ ಕೊಂದ ರೂಮ್‌ಮೇಟ್‌ಗೆ ಗಲ್ಲು ಶಿಕ್ಷೆಯಾಗಿತ್ತು. ಅಲ್ಲಿನ ಇಸ್ಲಾಮಿಕ್ ಕಾನೂನಿನಂತೆ, ಸತ್ತವನ ಮನೆಯವರು ಕ್ಷಮಿಸಿದರೆ ಅವನು ಉಳಿಯುತ್ತಾನೆ. ತಾಯಿ ಆಗಲೇ ಕ್ಷಮಿಸಿದ್ದರು. ಇನ್ನು ಕ್ಷಮಿಸಬೇಕಾದವರು ಸಲೀಂ ಒಬ್ಬರೇ.

ಅವರು ಸಹಿ ಹಾಕಿ ಪೆನ್ನನ್ನು ನನಗೆ ಕೊಟ್ಟರು.

“ಸಿಟ್ಟು ಹೋತೇನ್ರೀ?” ಎಂದೆ.

“ಇಲ್ರೀ. ಅದು ಹೋಗೋತನಕ ಕಾದ್ರ ಅವನ್ನ ಗಲ್ಲಿಗೆ ಹಾಕಿಬಿಡ್ತಾರ.”

ಆ ಮನುಷ್ಯ ಉಳಿದನೆಂದು ಮೂರು ತಿಂಗಳ ಬಳಿಕ ತಿಳಿಯಿತು. ವೀಸಾ, ಲೀಸ್ ಎಂದು ಅಮೆರಿಕದಲ್ಲಿ ಎಷ್ಟೋ ಕಾಗದಗಳಿಗೆ ಸಹಿ ಹಾಕಿದ್ದೇನೆ, ನೆನಪಿರುವುದು ಅದೊಂದೇ.