ಅಲುಗದ ಗಂಟು

ಕಾರ್ಕಳದ ಆ ಡಾಕ್ಟರು ಎಲ್ಲರಿಗೂ "ಎಲ್ಲಿ ತೊಂದರೆ, ಒಂದೇ ಬೆರಳಲ್ಲಿ ತೋರಿಸಿ" ಎನ್ನುತ್ತಿದ್ದರು. ಎದೆನೋವೆಂದು ತಿಂಗಳಿಗೊಮ್ಮೆ ಓಡುತ್ತಿದ್ದ ನಾನು ಇಡೀ ಅಂಗೈ ಇಡುತ್ತಿದ್ದೆ. "ನಿಮಗೆ ಹೆದರಿಕೆ ಮಾತ್ರ ಉಂಟು ಮಾರಾಯ್ರೆ, ಮನೆಗೆ ಹೋಗಿ."

ಒಮ್ಮೆ ನನ್ನ ಮುಂದಿದ್ದ ಕಲ್ಲುಕ್ವಾರಿಯ ಕೆಲಸಗಾರ ಪಕ್ಕೆಲುಬಿನ ಗಂಟಿನ ಮೇಲೆ ನೇರ ಬೆರಳಿಟ್ಟ. "ಉಳುಕೈತ್ರಿ ಸಾಹೇಬ್ರ, ನೋವಿಲ್ರಿ. ಮನ್ಯಾಗ ಹೆಂಡ್ತಿ ದಿನಾ ಎಣ್ಣಿ ತಿಕ್ಕತಾಳ್ರಿ."

ಡಾಕ್ಟರು ಗಂಟನ್ನು ಅಲುಗಿಸಲು ನೋಡಿದರು, ಅಲುಗಲಿಲ್ಲ. "ಇನ್ನು ತಿಕ್ಕಬೇಡಿ. ಮಣಿಪಾಲದಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿಸಬೇಕು, ಇವತ್ತೇ." ಕಾಯುತ್ತಿದ್ದ ನಮ್ಮನ್ನೆಲ್ಲ ಬಿಟ್ಟು, ಅವನನ್ನು ತಮ್ಮ ಕಾರಿನಲ್ಲೇ ಕೂರಿಸಿಕೊಂಡು ಹೊರಟರು.

ಮುಂದಿನ ತಿಂಗಳು ಹೋದಾಗ ಡಾಕ್ಟರನ್ನು ಅವನ ಬಗ್ಗೆ ಕೇಳಿದೆ.

"ಎಲುಬಿನ ಕ್ಯಾನ್ಸರು. ತೀರಾ ಅಪರೂಪದ್ದು. ಬೇಗ ಸಿಕ್ಕಿತು, ಆಪರೇಷನ್ ಆಯಿತು."

"ನಿಮಗೆ ಹೇಗೆ ಗೊತ್ತಾಯ್ತು?"

ಅವರು ಕೈ ಒರೆಸಿಕೊಂಡರು. "ಹಿಂದೊಬ್ಬರು ಇಂಥದ್ದೇ ಗಂಟು ತೋರಿಸಿದ್ದರು, ಉಳಿಯಲಿಲ್ಲ. ಅವರಿಗೆ ತಿಕ್ಕಲು ಎಣ್ಣೆ ಬರೆದುಕೊಟ್ಟವನು ನಾನೇ."