ಹಿಲ್ಕಾಳ ಸೀಟು ಬೆಚ್ಚಗಾದ ಗುರುವಾರ

ಕಾರಿನ ಹನ್ನೆರಡು ವೋಲ್ಟನ್ನು ಕರೆಂಟು ಎಂದು ಕರೆಯಲು ಕಲೆರ್ವೊಗೆ ನಾಚಿಕೆ. ಮೂವತ್ತೆಂಟು ವರ್ಷ ಲೈನ್‌ಮನ್ ಆಗಿದ್ದವನು ಅವನು. ಸಾವೊ ಸೀಮೆಯ ಕಾಡುಗಳಲ್ಲಿ ಹಿಮದ ಭಾರಕ್ಕೆ ಮರ ಉರುಳಿ ತಂತಿ ಹರಿದಾಗಲೆಲ್ಲ ಕಂಬ ಹತ್ತಿ, ಇಪ್ಪತ್ತು ಸಾವಿರ ವೋಲ್ಟಿನ ಜೊತೆ ಏಗಿ, ಇಳಿದು ಬಂದು ಕಾಫಿ ಕುಡಿದವನು. ಪಿಂಚಣಿ ಶುರುವಾಗಿ ನಾಲ್ಕು ವರ್ಷವಾಗಿದ್ದರೂ ಊರಲ್ಲಿ ದೀಪ ಒಂದು ಸಲ ಮಿಣುಕಿದರೆ ಸಾಕು, ಕಿಟಕಿಯ ಬಳಿ ನಿಂತು ಈಗಿನವರ ಕೆಲಸಕ್ಕೆ ಮೂಗು ಮುರಿಯುತ್ತಿದ್ದ.

ಅಂಥವನ ಕಾರಿನಲ್ಲಿ, ಜನವರಿಯ ನಡುವೆ, ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿನ ಚಳಿಯಲ್ಲಿ, ಸೀಟು ಬಿಸಿಯಾಗುವುದು ನಿಂತುಹೋಯಿತು. ಅದೂ ಹೆಂಡತಿಯ ಸೀಟು. ಅವನ ಸೀಟು ಮಾತ್ರ ಹೆಂಚಿನ ಹಾಗೆ ಕಾಯುತ್ತಿತ್ತು. ಇದನ್ನು ಯಾವ ಗಂಡಸೂ ಸಮಾಧಾನವಾಗಿ ವಿವರಿಸಲಾರ.

ಹೆಂಡತಿ ಹಿಲ್ಕಾ ಚರ್ಚಿನ ಹಾಡುಗಾರರ ತಂಡದಲ್ಲಿ ಕೆಳದನಿ ಹಾಡುವವಳು. ಪ್ರತಿ ಗುರುವಾರ ಸಂಜೆ ಹದಿನೆಂಟು ಕಿಲೋಮೀಟರ್ ದೂರದ ಪೇಟೆಯಲ್ಲಿ ಅಭ್ಯಾಸ. ಕತ್ತಲಲ್ಲಿ ಗಾಡಿ ಓಡಿಸಲು ಅವಳ ಕಣ್ಣು ಒಪ್ಪುತ್ತಿರಲಿಲ್ಲ, ತಣ್ಣನೆಯ ಸೀಟಿನಲ್ಲಿ ಕೂರಲು ಸೊಂಟ ಒಪ್ಪುತ್ತಿರಲಿಲ್ಲ. ಪಕ್ಕದ ಮನೆಯ ರೌನೊ ಅದೇ ತಂಡದಲ್ಲಿ ಹಾಡುತ್ತಿದ್ದ. ಅವನ ಹೊಸ ಕಾರಿನಲ್ಲಿ ಸೀಟಷ್ಟೇ ಅಲ್ಲ, ಸ್ಟೇರಿಂಗೂ ಬಿಸಿಯಾಗುತ್ತಿತ್ತು. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಮಂಗಳವಾರ ಬೆಳಿಗ್ಗೆ ಗಂಜಿಯ ತಟ್ಟೆ ಎತ್ತುತ್ತಾ ಹಿಲ್ಕಾ ತೀರ್ಪು ಕೊಟ್ಟಳು.

"ಗುರುವಾರದೊಳಗೆ ಸರಿಯಾದ್ರೆ ನಿನ್ ಜೊತೆ ಬರ್ತೀನಿ. ಇಲ್ದಿದ್ರೆ ರೌನೊ ಜೊತೆ. ಸೊಂಟ ನಂದು ಕಲೆರ್ವೊ, ನಿಂದಲ್ಲ."

ವಾರದ ಉಳಿದ ಆರು ದಿನ ಗಂಡ ಹೆಂಡತಿ ಮಾತಾಡುತ್ತಿದ್ದುದು ಹಿಮ ಎಷ್ಟು ಬಿತ್ತು, ಕಸದ ಗಾಡಿ ಬಂತೇ ಎಂಬುದನ್ನು ಮಾತ್ರ. ಗುರುವಾರ ಆ ಹದಿನೆಂಟು ಕಿಲೋಮೀಟರ್ ಅವಳು ಪಕ್ಕದಲ್ಲಿ ಕೂತು ತನ್ನ ಪಾಲಿನ ಸಾಲುಗಳನ್ನು ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಅವನು ರಸ್ತೆ ನೋಡುತ್ತಾ ಕೇಳುತ್ತಿದ್ದ. ಅದು ತನಗೆ ಇಷ್ಟವೆಂದು ಮೂವತ್ತು ವರ್ಷದಲ್ಲಿ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಈಗ ಆ ದನಿ ರೌನೊನ ಬಿಸಿ ಸ್ಟೇರಿಂಗಿನ ಪಕ್ಕಕ್ಕೆ ಹೋಗಿ ಕೂರುವುದರಲ್ಲಿತ್ತು.

ಅವತ್ತೇ ಫ್ಯೂಸಿನಿಂದ ಶುರು ಮಾಡಿದ. ಡ್ಯಾಶ್‌ಬೋರ್ಡಿನ ಬದಿಯ ಮುಚ್ಚಳ ಕಿತ್ತು, ಉಗುರಿನಷ್ಟು ಗಾತ್ರದ ಫ್ಯೂಸುಗಳನ್ನು ಒಂದೊಂದಾಗಿ ಎಳೆದು ಬೆಳಕಿಗೆ ಹಿಡಿದ. ಎಲ್ಲವೂ ನೆಟ್ಟಗಿದ್ದವು. ಸ್ವಿಚ್ಚೂ ನೆಟ್ಟಗಿತ್ತು. ಅಂದರೆ ತೊಂದರೆ ಸೀಟಿನ ಕೆಳಗೆ. ಅಲ್ಲಿಗೆ ಕೈ ಹೋಗುತ್ತಿರಲಿಲ್ಲ, ಕೈ ಹೋದರೆ ಕಣ್ಣು ಹೋಗುತ್ತಿರಲಿಲ್ಲ.

ಬುಧವಾರ ಸೀಟನ್ನೇ ಬಿಚ್ಚಲು ಕೂತ. ಅಲ್ಲಿಯ ಕೆಲವು ತಂತಿಗಳು ಏರ್‌ಬ್ಯಾಗಿನವು, ಸುಮ್ಮನೆ ಕೆಣಕಬಾರದು. ಬ್ಯಾಟರಿಯ ತಂತಿ ಕಳಚಿ, ಕಾಲು ಗಂಟೆ ಕಾದ. ಹಾಗೆ ಕಳಚಿದ್ದಕ್ಕೆ ರೇಡಿಯೊ ಸತ್ತು, ಯಾವುದೋ ಗುಪ್ತ ಸಂಖ್ಯೆ ಕೊಟ್ಟರೆ ಮಾತ್ರ ಏಳುತ್ತೇನೆಂದು ಆಮೇಲೆ ಹಟ ಹಿಡಿಯಿತು. ಸಂಖ್ಯೆ ಬರೆದ ಚೀಟಿ ಎಲ್ಲಿದೆಯೆಂದು ದೇವರಿಗೇ ಗೊತ್ತು.

ಅಷ್ಟರಲ್ಲಿ ರೌನೊ ಬೇಲಿಯ ಆಚೆ ಸಲಿಕೆ ಊರಿಕೊಂಡು ನಿಂತ.

"ಏನಯ್ಯಾ, ಊರಿಗೆಲ್ಲಾ ಬೆಳಕು ಕೊಟ್ಟೋನು, ಹೆಂಡ್ತಿ ಸೀಟಿಗೆ ಒಂಚೂರು ಬಿಸಿ ಕೊಡೋಕೆ ಆಗ್ಲಿಲ್ವಾ?"

"ನಿನ್ನ ಬಾಲ ಹೇಗಿದೆ ರೌನೊ?" ಎಂದ ಕಲೆರ್ವೊ, ತಲೆ ಕೂಡ ಎತ್ತದೆ.

ರೌನೊನ ಮುಖ ಹುಳ್ಳಗಾಯಿತು. ಅಲ್ಲಿ ಚಳಿಗಾಲದಲ್ಲಿ ಕಾರು ಹೊರಡಬೇಕಾದರೆ ಎಂಜಿನ್ ಬೆಚ್ಚಗಾಗಲು ಅದಕ್ಕೆ ಮೊದಲು ಎರಡು ಗಂಟೆ ಕರೆಂಟು ಉಣಿಸಬೇಕು. ಪ್ರತಿ ಮನೆಯ ಅಂಗಳದಲ್ಲೂ ಅದಕ್ಕೊಂದು ಗಿಡ್ಡ ಕಂಬ. ಕಂಬದಿಂದ ಕಾರಿನ ಮೂತಿಗೆ ಒಂದು ಕಿತ್ತಳೆ ಬಣ್ಣದ ಕೇಬಲ್. ಹೊರಡುವ ಮುಂಚೆ ಅದನ್ನು ಕಿತ್ತು, ಸುತ್ತಿ, ಕಂಬಕ್ಕೆ ನೇತುಹಾಕುವುದು ಹಲ್ಲುಜ್ಜುವಷ್ಟೇ ರೂಢಿಯ ಕೆಲಸ. ಎರಡು ಚಳಿಗಾಲದ ಹಿಂದೆ ರೌನೊ ಅದನ್ನು ಮರೆತು, ಕೇಬಲನ್ನು ಎಳೆದುಕೊಂಡೇ ಪೇಟೆಯವರೆಗೆ ಹೋಗಿದ್ದ. ಅಂದಿನಿಂದ ಕಲೆರ್ವೊ ಅವನನ್ನು ಕಂಡಾಗಲೆಲ್ಲ ಬಾಲದ ಯೋಗಕ್ಷೇಮ ವಿಚಾರಿಸುತ್ತಿದ್ದ. ಚರ್ಚಿನಲ್ಲೂ ಬಿಟ್ಟಿರಲಿಲ್ಲ, ಯಾರದೋ ಅಂತ್ಯಕ್ರಿಯೆಯಲ್ಲೂ ಬಿಟ್ಟಿರಲಿಲ್ಲ.

ರೌನೊ ಹೋದ ಮೇಲೆ ಕಲೆರ್ವೊ ನಾಲ್ಕು ಬೋಲ್ಟು ಬಿಚ್ಚಿ, ಸೀಟನ್ನು ಹಿಂದಕ್ಕೆ ಮಲಗಿಸಿದ. ಸೀಟಿನ ಕೆಳಗೆ ಕಂಡದ್ದು ಅವನದೇ ತಗಡಿನ ಪೆಟ್ಟಿಗೆ. ದಾರಿಯಲ್ಲಿ ಕಷ್ಟ ಬಂದರೆ ಇರಲಿ ಎಂದು ಹಗ್ಗ, ಮೇಣದ ಬತ್ತಿ, ಪುಟ್ಟ ಕೊಡಲಿ ತುಂಬಿ ಅವನೇ ಶರತ್ಕಾಲದಲ್ಲಿ ಅಲ್ಲಿ ತುರುಕಿದ್ದ. ಹಿಲ್ಕಾ ಸೀಟನ್ನು ಹಿಂದೆ ಸರಿಸಿದಾಗಲೆಲ್ಲ ಪೆಟ್ಟಿಗೆಯ ಅಂಚು ಬಿಸಿಯ ತಂತಿಯನ್ನು ಸೀಟು ಜಾರುವ ಕಂಬಿಗೆ ಒತ್ತಿ ಒತ್ತಿ ಕೊನೆಗೆ ಕತ್ತರಿಸಿತ್ತು. ಕಷ್ಟ ಬರಲೆಂದೇ ಇಟ್ಟ ಹಾಗಾಯಿತು ಎಂದು ಅವನು ತನ್ನನ್ನೇ ಬೈದುಕೊಂಡ.

ತಂತಿಯ ತುದಿಗಳನ್ನು ಕೆರೆದು, ಹೆಣೆದು, ಬೆಸುಗೆ ಹಾಕಿ, ಮೇಲೆ ಟೇಪು ಸುತ್ತಿ, ಪೆಟ್ಟಿಗೆಗೆ ಎಟುಕದ ಹಾಗೆ ಬೇರೆ ಕಡೆಯಿಂದ ಕಟ್ಟಿದ. ಆಮೇಲೆ ಆ ಪೆಟ್ಟಿಗೆಯನ್ನೇ ಕಟ್ಟಿಗೆಯ ಕೊಟ್ಟಿಗೆಗೆ ಒಯ್ದು, ಬರ್ಚ್ ಸೌದೆಯ ಹಿಂದೆ ಬಚ್ಚಿಟ್ಟ. ಏನಾಗಿತ್ತೆಂದು ಹಿಲ್ಕಾ ಕೇಳಿದಾಗ, ವಯಸ್ಸಾದ ಗಾಡಿ, ತಂತಿ ಸವೆದಿತ್ತು ಎಂದ. ಅವಳು ಹೂಂ ಎಂದಳು.

ಗುರುವಾರ ಸಂಜೆ ಐದೂವರೆಗೆ ಹಿಲ್ಕಾ ಹಾಡಿನ ಚೀಲ ಹಿಡಿದು ಬಂದು ಕೂತಳು. ಒಂದು ನಿಮಿಷ ಕಾದಳು. ಕೈಯನ್ನು ತೊಡೆಯ ಕೆಳಗೆ ಇಟ್ಟು ನೋಡಿದಳು.

"ಕಾಯ್ತಿದೆ," ಎಂದಳು.

ಕಲೆರ್ವೊ ಏನೂ ಆಗದವನಂತೆ ಗೇರು ಹಾಕಿದ, ಆದರೆ ಕಿವಿಯವರೆಗೂ ನಗುತ್ತಿದ್ದ. ಹಿಂದಿನ ಕಿಟಕಿಯತ್ತ ತಿರುಗಿ ಅಂಗಳದಿಂದ ಹಿಮ್ಮುಖವಾಗಿ ಗಾಡಿ ತೆಗೆದ. ರೌನೊ ತನ್ನ ಗೇಟಿನಲ್ಲಿ, ಎದೆಮಟ್ಟದ ಹಿಮದ ಗುಡ್ಡೆಯ ಆಚೆ, ಸಲಿಕೆಗೆ ಒರಗಿ ನಿಂತಿದ್ದ. ಕಲೆರ್ವೊ ಗಾಜು ಇಳಿಸಿ, ಪೇಟೆಯಲ್ಲಿ ಸಿಗೋಣವೆಂದು ರಾಜನ ಹಾಗೆ ಕೈ ಎತ್ತಿದ.

ದಾರಿಯಲ್ಲಿ ಹಿಲ್ಕಾ ಹಾಡಿದಳು. ರೇಡಿಯೊ ಸತ್ತದ್ದು ಒಳ್ಳೆಯದೇ ಆಯಿತು ಎನ್ನಿಸಿತು ಅವನಿಗೆ. ಅವತ್ತು ಅವಳು ಮೆಲ್ಲಗೆ ಹಾಡಲಿಲ್ಲ, ಗಂಟಲು ತೆರೆದು ಹಾಡಿದಳು. ತನ್ನ ಪಾಲು ಮುಗಿದರೆ ಗಂಡಸರ ಪಾಲನ್ನೂ ಹಾಡಿದಳು. ತಿರುವಿನಲ್ಲಿ ಕೆಳಗೆಲ್ಲೋ ಏನೋ ಬಡಿದಂತಾಗಿ ಅವನು ಕಿವಿ ನಿಮಿರಿಸಿದರೆ, ಅವಳ ದನಿ ಇನ್ನೂ ಏರಿತು. ಬೆಚ್ಚನೆಯ ಸೀಟು ಹೆಣ್ಣಿಗೆ ಏನೆಲ್ಲ ಮಾಡುತ್ತದೆ ಎಂದು ಕಲೆರ್ವೊ ಬೆರಗಾದ. ಅಷ್ಟು ಸುಖವಾಗಿ ಅವನು ಗಾಡಿ ಓಡಿಸಿ ವರ್ಷಗಳಾಗಿದ್ದವು.

ಅಭ್ಯಾಸದ ಮನೆಯ ಅಂಗಳದಲ್ಲಿ ಇಳಿದು ಮುಂದೆ ಬಂದವನು ಅಲ್ಲೇ ನಿಂತ. ಕಾರಿನ ಮೂತಿಯಿಂದ ಇಳಿಬಿದ್ದ ಕಿತ್ತಳೆ ಕೇಬಲ್ ಚಕ್ರಗಳ ನಡುವೆ ಹಾದು ಹಿಂದಿನವರೆಗೂ ಹರಡಿಕೊಂಡಿತ್ತು. ತುದಿಯ ಪ್ಲಗ್ಗು ಅರ್ಧ ಸವೆದಿತ್ತು. ಮೂವತ್ತೆಂಟು ವರ್ಷ ಕರೆಂಟಿನ ಅನ್ನ ತಿಂದವನಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಹಿಲ್ಕಾ ಬಂದು ಪಕ್ಕದಲ್ಲಿ ನಿಂತಳು. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದ.

"ಗಾಡಿ ತೆಗೀವಾಗ ನೀನು ಹಿಂದೆ ನೋಡ್ತಿದ್ದೆ. ನಾನು ಮುಂದೆ ನೋಡ್ತಿದ್ದೆ."

"ಹೇಳ್ಬಾರ್ದಿತ್ತಾ?"

"ರೌನೊ ಗೇಟಲ್ಲೇ ನಿಂತಿದ್ದ. ನಿಲ್ಸಿದ್ರೆ ಏನಾಯ್ತು ಅಂತ ಬರ್ತಿದ್ದ." ಅವಳು ಹಾಡಿನ ಚೀಲದ ಬಾಯಿ ಅಗಲಿಸಿ ಹಿಡಿದಳು. "ಬೇಗ ಸುತ್ತಿ ಇದ್ರೊಳಗೆ ಹಾಕು. ಸೌದೆ ಹಿಂದೆ ಬಚ್ಚಿಟ್ಟಿದ್ದೀಯಲ್ಲ ತಗಡಿನ ಪೆಟ್ಟಿಗೆ, ಅದರ ವಿಷಯ ಮನೇಲಿ ಮಾತಾಡೋಣ."

ಕೇಬಲಿನ ಕೊನೆಯ ಸುತ್ತು ಚೀಲಕ್ಕೆ ಇಳಿಯುವಷ್ಟರಲ್ಲಿ ರೌನೊನ ಕಾರು ಅಂಗಳಕ್ಕೆ ತಿರುಗಿತು. ಇಳಿದವನೇ ಅವನು ಬಾಲದ ಮಾತಿಗೆ ಮೈ ಬಿಗಿಹಿಡಿದು ಕಾದ. ಎರಡು ಚಳಿಗಾಲದಲ್ಲಿ ಮೊದಲ ಸಲ ಕಲೆರ್ವೊ ಏನನ್ನೂ ಕೇಳಲಿಲ್ಲ. ಹೆಂಡತಿಯ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ನಿಂತಿದ್ದ.

"ಏನ್ ಹಿಲ್ಕಾ, ಅಷ್ಟು ಭಾರ? ಹೊಸ ಹಾಡುಗಳಾ?" ಎಂದ ರೌನೊ.

"ಹೂಂ, ದಾರಿಯುದ್ದಕ್ಕೂ ಅದನ್ನೇ ಹಾಡ್ತಾ ಬಂದೆ," ಎಂದು ಹಿಲ್ಕಾ ಒಳಗೆ ನಡೆದಳು. ಪೆಟ್ರೋಲ್ ಬಂಕಿನಲ್ಲಿ ಕಾಫಿ ಕುಡಿಯುತ್ತಾ ಕಾಯುವುದು ಕಲೆರ್ವೊನ ವಾಡಿಕೆ. ಅವತ್ತು ಅವನು ಚೀಲ ಹೊತ್ತು ಅವಳ ಹಿಂದೆಯೇ ಹೋಗಿ, ಕೊನೆಯ ಬೆಂಚಿನಲ್ಲಿ ಕೂತು, ಅಭ್ಯಾಸ ಮುಗಿಯುವವರೆಗೂ ಕೇಳಿದ.