ಮಾಮಿಯ ಹಲ್ಲಿನ ಮಾತನ್ನು ಸ್ಟೇಜಿನಲ್ಲಿ ಆಡಿದ್ದು

ಆಗ ನನಗೆ ಐವತ್ತಾರು. ಅದಾಗಿ ಹದಿನೈದು ವರ್ಷ. ಮಾಮಿ ಹೋಗಿಯೇ ಹನ್ನೊಂದು ವರ್ಷ ಆಯಿತು. ಮಾಮಿ ಎಂದರೆ ನನ್ನ ಗಂಡನ ತಾಯಿ. ನಮ್ಮ ತುಳುವಿನಲ್ಲಿ ಅತ್ತೆಯನ್ನು ಹಾಗೆ ಕರೆಯುವುದು.

ನಾನು ತುಳು ನಾಟಕದವಳು. ಬಂಟ್ವಾಳದ ಒಂದು ತಂಡದಲ್ಲಿ ಮೂವತ್ತು ವರ್ಷ ಬಣ್ಣ ಹಚ್ಚಿದ್ದೇನೆ. ಚಂದ ಇದ್ದೆ ಎಂದು ಸುಳ್ಳು ಬರೆಯುವುದಿಲ್ಲ. ಕಪ್ಪು ಮೈ, ಅಗಲ ದವಡೆ. ಹೀರೋಯಿನ್ ಪಾರ್ಟು ಮಾಡುವಾಗ ಎಷ್ಟು ದಪ್ಪ ಬಣ್ಣ ಬಳಿಯುತ್ತಿದ್ದರೆಂದರೆ ಹುಬ್ಬು ಎತ್ತಿದರೆ ಹಣೆಯ ಮೇಲೆ ಬಿರುಕು ಬೀಳುತ್ತಿತ್ತು. ಅದಕ್ಕೆ ಹುಬ್ಬು ಎತ್ತದೆ ನಿಲ್ಲುತ್ತಿದ್ದೆ. ಜನ ಅದನ್ನು ಗಾಂಭೀರ್ಯ ಎಂದರು. ನಲವತ್ತು ದಾಟಿದ ಮೇಲೆ ತಾಯಿಯ ಪಾರ್ಟು ಕೊಟ್ಟರು. ಬೇರೆ ಹೆಂಗಸರು ಅದಕ್ಕೆ ಬೇಸರ ಮಾಡಿಕೊಳ್ಳುತ್ತಾರೆ. ನನಗೆ ಉಸಿರು ಬಂದ ಹಾಗಾಯಿತು. ಮುಖ ಅಲ್ಲಾಡಿಸಬಹುದಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ನಾಟಕದ ಪುಸ್ತಕವನ್ನು ಬೇರೆಯವರು ಓದಿ ಹೇಳಬೇಕು. ನಮ್ಮ ತಂಡದಲ್ಲಿ ಪುಸ್ತಕಕ್ಕೆ ಅಂಥ ಬೆಲೆಯೂ ಇರಲಿಲ್ಲ. ಕಥೆ ಇಷ್ಟು, ಹೀಗೆ ಬಂದು ಹೀಗೆ ಹೋಗಬೇಕು, ಅಷ್ಟೇ. ನಡುವಿನ ಮಾತನ್ನು ನಾವೇ ತುಂಬಿಸಬೇಕು. ಯಾವ ಮಾತಿಗೆ ನಗೆ ಬಂತೋ ಅದು ಮುಂದಿನ ಪ್ರದರ್ಶನಕ್ಕೂ ಉಳಿಯುತ್ತದೆ, ಬಾರದ್ದು ಬಿದ್ದುಹೋಗುತ್ತದೆ. ಓದದವಳು ಮಾತು ಎಲ್ಲಿಂದ ತರುವುದು? ನಾನು ಮನೆಯಿಂದ ತಂದೆ.

ನಾರಾವಿ ಹತ್ತಿರ ನಮ್ಮ ಮನೆ. ಮಾಮಿ, ನಾನು ಇಬ್ಬರೂ ಬೀಡಿ ಕಟ್ಟುವವರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟು ಎಲೆ ಸುರುಳುತ್ತಾ ಕೂತರೆ ಮಾಮಿ ಮಾತಾಡುತ್ತಿದ್ದರು. ನಾನು ನಾಟಕಕ್ಕೆ ಹೋಗುವುದು ಗಂಡನಿಗೆ ಆಗುತ್ತಿರಲಿಲ್ಲ. ಮಾಮಿಯೇ ಅವರ ಬಾಯಿ ಮುಚ್ಚಿಸಿದ್ದು. "ಮಕ್ಕಳನ್ನು ನಾನು ನೋಡ್ತೇನೆ. ನಿನಗೆ ಅನ್ನ ಬಡಿಸ್ಲಿಕ್ಕೂ ನಾನು ಉಂಟು. ಮತ್ತೆ ನಿನಗೆಂಥ ಕಷ್ಟ?" ಎಂದಿದ್ದರು.

ಮಾಮಿಯ ಮೇಲಿನ ಹಲ್ಲು ಮುಂದಕ್ಕಿತ್ತು. ನಗುವಾಗ ಸೆರಗಿನಿಂದ ಬಾಯಿ ಮುಚ್ಚುತ್ತಿದ್ದರು. ಒಂದು ದಿನ ತಾವಾಗಿಯೇ ಅದರ ಕಥೆ ಹೇಳಿದರು. ಅವರನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ಒಬ್ಬಳು ಹೆಂಗಸು ಅಂದಳಂತೆ: ಮೊದಲು ಹಲ್ಲು ಬಂತು, ಹಿಂದೆ ಹುಡುಗಿ ಬಂದಳು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡದ್ದು. ಅಂದಿನಿಂದ ಬಾಯಿ ಮುಚ್ಚುವುದು. "ಯಾರಿಗೂ ಹೇಳ್ಲಿಲ್ಲ ಮಗಾ, ನಿನ್ನ ಮಾವನಿಗೂ ಹೇಳ್ಲಿಲ್ಲ" ಎಂದರು. ಎಲೆ ಕತ್ತರಿಸುತ್ತಲೇ ಇದ್ದರು.

ನಮ್ಮ ನಾಟಕಗಳು ರಾತ್ರಿಯವು, ಮಾಮಿಗೆ ಕಣ್ಣು ಮಂಜು. ಅಷ್ಟು ವರ್ಷ ಅವರು ನನ್ನ ಒಂದು ಪಾರ್ಟೂ ನೋಡಿರಲಿಲ್ಲ. ಆ ಸಲ ಮೂಡುಬಿದಿರೆಯಲ್ಲಿ ಹೆಂಗಸರ ಸಂಘದ ವಾರ್ಷಿಕೋತ್ಸವ, ನಾಟಕ ಮಧ್ಯಾಹ್ನ ಮೂರು ಗಂಟೆಗೆ. ನಾನೇ ಕರೆದುಕೊಂಡು ಹೋದೆ. ಎದುರಿನ ಸಾಲಿನಲ್ಲಿ ಕುರ್ಚಿ ಕೊಡಿಸಿದೆ. ನನ್ನನ್ನು ನೋಡಿ ಹೆಮ್ಮೆ ಪಡಲಿ ಎಂಬ ಆಸೆ ಇತ್ತು.

ಸೆರಗಿನಿಂದ ಬಾಯಿ ಮುಚ್ಚಿ ನಗುವುದನ್ನು ನಾನು ಮೊದಲೇ ಪಾರ್ಟಿಗೆ ಸೇರಿಸಿದ್ದೆ. ಅವತ್ತೂ ಮಾಡಿದೆ. ಹೆಂಗಸರೆಲ್ಲ ನಕ್ಕರು. ಮಾಮಿಯೂ ಬಾಯಿ ಮುಚ್ಚಿಕೊಂಡು ನಕ್ಕರು, ತಮ್ಮದೇ ಎಂದು ಗೊತ್ತಾಗದೆ. ಅಷ್ಟರಲ್ಲಿ ಮಗನ ಪಾರ್ಟಿನವನು ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿದ:

"ಅಮ್ಮಾ, ಅಪ್ಪ ನಿಮ್ಮನ್ನು ಏನು ನೋಡಿ ಒಪ್ಪಿದ್ದು ಮಾರಾಯ್ತಿ?"

ಉತ್ತರಕ್ಕೆ ತಡ ಮಾಡಿದರೆ ಸಭೆ ತಣ್ಣಗಾಗುತ್ತದೆ. ನಾನು ತಡ ಮಾಡಲಿಲ್ಲ. "ನೋಡಿದ್ದೆಲ್ಲಿಂದ ಮಗಾ? ಮೊದಲು ಹಲ್ಲು ಬಂತು, ನಾನು ಬರುವಾಗ ಅವರು ಹೆದರಿ ಒಪ್ಪಿ ಆಗಿತ್ತು."

ಹಾಲ್ ಬಿದ್ದುಹೋಗುವ ಹಾಗೆ ನಕ್ಕರು. ರಾತ್ರಿಯಾದರೆ ಲೈಟಿನ ಆಚೆ ಯಾರ ಮುಖವೂ ಕಾಣುವುದಿಲ್ಲ. ಅದು ಹಗಲು. ಮಾಮಿಯ ಕೈ ಬಾಯಿಯಿಂದ ಕೆಳಗಿಳಿದು ಮಡಿಲಲ್ಲಿ ಕೂತದ್ದು ಕಂಡಿತು. ಪಕ್ಕದವಳು ನಗುತ್ತಾ ಅವರ ಭುಜ ತಟ್ಟಿದಳು.

ಬಸ್ಸಿನಲ್ಲಿ ಮಾಮಿ ಕಿಟಕಿ ಬದಿ ಕೂತರು. ಅರ್ಧ ದಾರಿ ಕಳೆದ ಮೇಲೆ ಕೇಳಿದರು:

"ಆ ಮಾತು ನಾನು ನಿನಗೆ ಹೇಳಿದ್ದಲ್ವಾ?"

"ಹೌದು ಮಾಮಿ."

"ಹಾಂ. ನಾಟಕದ ಪುಸ್ತಕದಲ್ಲೇ ಉಂಟೋ ಏನೋ ಅಂತ ಗ್ರಹಿಸಿದೆ."

"ಬಾಯಿಗೆ ಬಂತು. ಬೇಕೂಂತ ಹೇಳಿದ್ದಲ್ಲ."

"ಎಲ್ಲರೂ ನಗಾಡಿದ್ರು. ಒಳ್ಳೆದಾಯ್ತು ಬಿಡು" ಎಂದರು.

ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಸ್ಟೇಜಿನಲ್ಲಿ ತಡವರಿಸದ ಬಾಯಿ ಅದು.

ಮತ್ತೆ ನಾಲ್ಕು ವರ್ಷ ಒಂದೇ ಚಾವಡಿಯಲ್ಲಿ ಬೀಡಿ ಕಟ್ಟಿದೆವು. ನೂಲು ಮುಗಿಯಿತು, ಎಲೆ ಒಣಗಿದೆ, ಗಂಜಿ ಆಯಿತು, ಇಷ್ಟೇ ಮಾತು. ನಾನು ಏನಾದರೂ ಕೆಣಕಿದರೆ "ನನಗೆಂಥ ಗೊತ್ತುಂಟು" ಎನ್ನುತ್ತಿದ್ದರು. ನನ್ನ ಎದುರು ಬಾಯಿ ಮುಚ್ಚುವುದನ್ನು ಬಿಟ್ಟರು, ಏಕೆಂದರೆ ನಗುವುದನ್ನೇ ಬಿಟ್ಟರು. ಆಸ್ಪತ್ರೆಯಲ್ಲಿ ಕೊನೆಯ ವಾರ ನರ್ಸಿನ ಹತ್ತಿರ ಏನೋ ಹೇಳಿ ನಗುತ್ತಿದ್ದವರು ನಾನು ಒಳಗೆ ಬಂದೊಡನೆ ಸುಮ್ಮನಾದರು. ಅವರ ಹೊಟ್ಟೆಯಲ್ಲಿ ಇನ್ನೆಷ್ಟು ಮಾತು ಇತ್ತೋ ನನಗೆ ತಿಳಿಯದು.

ಆ ಮಾತಿನ ವಿಡಿಯೋ ತುಂಡು ಈಗಲೂ ಜನರ ಮೊಬೈಲಿನಲ್ಲಿ ಉಂಟು. ಬೆಳ್ತಂಗಡಿ ಪೇಟೆಯಲ್ಲಿ ಹೋದ ತಿಂಗಳು ಒಬ್ಬಳು ಹುಡುಗಿ ನಿಲ್ಲಿಸಿ, "ಅಜ್ಜಿ, ಆ ಹಲ್ಲಿನ ಡೈಲಾಗ್ ಒಮ್ಮೆ ಹೇಳಿ" ಎಂದಳು. ಮನೆಯ ಬದುಕನ್ನು ನನ್ನಷ್ಟು ನಿಜವಾಗಿ ಮಾಡಿ ತೋರಿಸಿದವರಿಲ್ಲ ಎಂದು ಹೇಳಿ ಶಾಲು ಹೊದಿಸಿದವರೂ ಇದ್ದಾರೆ. ನಿಜವಾಗಿಯೇ ಇತ್ತು. ನನ್ನದಾಗಿರಲಿಲ್ಲ, ಅಷ್ಟೇ.

ಒಂದೇ ಸಲ ಆಡಿ ಬಿಟ್ಟಿದ್ದರೆ ಬಾಯಿ ತಪ್ಪಿತು ಎನ್ನಬಹುದಿತ್ತು. ಆದರೆ ಮೂಡುಬಿದಿರೆ ನಾಟಕದ ಮರುದಿನ ಬೆಳಿಗ್ಗೆ ತಂಡದ ಯಜಮಾನರ ಫೋನ್ ಬಂತು. "ಅಕ್ಕಾ, ಆ ಹಲ್ಲಿನ ಮಾತು ಚಾರ್ಮಾಡಿಯಲ್ಲಿಯೂ ಬೇಕು. ಅದನ್ನು ಗಟ್ಟಿ ಮಾಡುವ." ಮಾಮಿ ನಾಲ್ಕು ಮಾರು ಆಚೆ ಎಲೆಗೆ ನೀರು ಚಿಮುಕಿಸುತ್ತಿದ್ದರು. ನಾನು "ಆಯ್ತು" ಎಂದೆ. ಬಚ್ಚಲಿಗೆ ಹೋಗಿ ಚಿಲಕ ಹಾಕಿ, ಗೋಡೆಯ ಸಣ್ಣ ಕನ್ನಡಿಯ ಎದುರು ಆ ಮಾತನ್ನು ಮೂರು ಸಲ ಮೆಲ್ಲಗೆ ಹೇಳಿ ನೋಡಿದೆ. 'ಹಲ್ಲು ಬಂತು' ಎಂದಲ್ಲಿ ಸ್ವಲ್ಪ ನಿಲ್ಲಿಸಿದರೆ ನಗೆ ಹೆಚ್ಚು ಬರುತ್ತದೆ ಎಂದು ಕಂಡಿತು.